ಕುಂಬಳಬಳ್ಳಿ ಕೊಟ್ಟ ತೊಟ್ಟು

ಭೂಮಿಯ ಮಣ್ಣು ಇನ್ನೂ ಹಸಿಯಾಗಿತ್ತು. ಯಾರು ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದವು. ಆ ಕಾಲದಲ್ಲಿ ಮನುಷ್ಯರೂ ಕೋಳಿಗಳ ಹಾಗೆ ಮೊಟ್ಟೆ ಇಡುತ್ತಿದ್ದರು. ನಗಬೇಡಿ, ನಿಮ್ಮ ಅಜ್ಜಿಯ ಅಜ್ಜಿಯ ಅಜ್ಜಿಯೂ ಮೊಟ್ಟೆಯೊಡೆದು ಬಂದವಳೇ.

ಹೊಳೆಯ ದಂಡೆಯಲ್ಲಿ ಕೇತವ್ವ ಎಂಬ ಹೆಂಗಸೂ ಅವಳ ಗಂಡ ಜಡೆಯನೂ ಇದ್ದರು. ಕೇತವ್ವ ಮೊದಲ ಮೊಟ್ಟೆಯನ್ನು ಮರಳಿನಲ್ಲಿ ಇಟ್ಟಳು. ಉಡ ಬಂದು ತಿಂದುಹೋಯಿತು. ಎರಡನೆಯದನ್ನು ಬಂಡೆಯ ಸಂದಿಯಲ್ಲಿ ಇಟ್ಟಳು. ಹೊಳೆ ಉಕ್ಕಿ ಬಂದು ಎತ್ತಿಕೊಂಡು ಹೋಯಿತು. ಎರಡು ಸಲವೂ ಕೇತವ್ವ ಎದೆ ಬಡಿದುಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ಇನ್ನು ನಾನು ಮೊಟ್ಟೆ ಇಡೋದೇ ಇಲ್ಲ," ಎಂದಳು.

"ಇಡದೆ ಏನ್ಮಾಡ್ತೀಯೇ?" ಎಂದ ಜಡೆಯ.

"ಒಳಗೇ ಇಟ್ಕೋತೀನಿ. ಉಡ ನನ್ನ ಹೊಟ್ಟೆಗೆ ಬಾಯಿ ಹಾಕ್ಲಿ, ನೋಡೋಣ."

ಗಾಳಿ ಈ ಸುದ್ದಿಯನ್ನು ಎಲ್ಲ ಕಡೆ ಹರಡಿತು. ಕೋಳಿ ಓಡೋಡಿ ಬಂತು. "ಬುದ್ಧಿ ಇದೆಯೇನೇ ನಿಂಗೆ? ನಾನು ಮೊಟ್ಟೆಯೊಳಗೆ ಹಳದಿ ಬುತ್ತಿ ಕಟ್ಟಿ ಕಳಿಸ್ತೀನಿ. ಅದನ್ನ ತಿಂದೇ ಮರಿ ಬೆಳೆಯೋದು. ಮನುಷ್ಯರ ಕೂಸಿಗೆ ಬೇಕಾಗೋ ಬುತ್ತಿ ನಿನ್ನ ಹೊಟ್ಟೇಲಿ ಹಿಡಿಸುತ್ತಾ?"

"ಬುತ್ತಿ ಇಲ್ಲದೇನೇ ಸಾಕ್ತೀನಿ," ಎಂದಳು ಕೇತವ್ವ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಅವಳು.

ಅವಳದರ್ಧ, ಜಡೆಯನದರ್ಧ ಕೂಡಿ ಒಂದು ಕಣವಾಯಿತು. ಸಾಸಿವೆಗಿಂತ ಎಷ್ಟೋ ಚಿಕ್ಕದು. ಒಂದು ಇದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ಹಿಪ್ಪುನೇರಳೆ ಹಣ್ಣಿನ ಹಾಗೆ ಗುಂಡುಗುಂಡಾಗಿ ಒತ್ತಿಕೊಂಡು ಬೆಳೆಯಿತು. ಆಮೇಲೆ ನಿಂತುಬಿಟ್ಟಿತು.

"ಅವ್ವಾ, ಹಸಿವು," ಎಂದಿತು.

ಕೇತವ್ವ ಗೆಣಸು ಉಂಡಳು, ಜೇನು ನೆಕ್ಕಿದಳು, ಮೀನು ಸುಟ್ಟು ತಿಂದಳು. ಎಲ್ಲ ಅವಳ ಹೊಟ್ಟೆಗೇ ಹೋಯಿತು. ಅನ್ನದ ಮನೆ ಬೇರೆ, ಕೂಸಿನ ಮನೆ ಬೇರೆ, ನಡುವೆ ಗೋಡೆ. "ಅವ್ವಾ, ಹಸಿವು," ಎಂದು ಕೂಸು ಮತ್ತೆ ಹೇಳಿದಾಗ ದನಿ ಸಣ್ಣದಾಗಿತ್ತು. ಕೇತವ್ವ ಹೊಟ್ಟೆಯನ್ನು ಎರಡೂ ಕೈಯಿಂದ ಅವುಚಿಕೊಂಡು ಎದ್ದಳು. ಈ ಕೂಸೂ ಹೋದರೆ ಉಡವನ್ನು ಬೈಯುವಂತಿಲ್ಲ, ಹೊಳೆಯನ್ನೂ ಬೈಯುವಂತಿಲ್ಲ.

ಅವಳು ಆಮೆಯನ್ನು ಕೇಳಿದಳು. "ಇಟ್ಟು ಮರೆತುಬಿಡು," ಎಂದಿತು ಆಮೆ. ಮೀನನ್ನು ಕೇಳಿದಳು. "ಸಾವಿರ ಇಡು, ಒಂದಾದ್ರೂ ಉಳಿಯುತ್ತೆ," ಎಂದಿತು ಮೀನು.

"ನಂಗೆ ಇದೇ ಬೇಕು," ಎಂದು ಕೇತವ್ವ ಮುಂದೆ ನಡೆದಳು.

ನಡೆದು ನಡೆದು ಸುಸ್ತಾಗಿ ಒಂದು ಕಡೆ ಕುಸಿದು ಕುಳಿತಳು. ಅಲ್ಲಿ ಕುಂಬಳಬಳ್ಳಿ ಹಬ್ಬಿತ್ತು. ಬಳ್ಳಿ ಬೆರಳು ದಪ್ಪ, ಅದರ ಕಾಯಿ ಕೊಡದಷ್ಟು ದಪ್ಪ.

"ಬಳ್ಳಿಯಕ್ಕಾ, ಇಷ್ಟು ದೊಡ್ಡ ಕೂಸಿಗೆ ಬುತ್ತಿ ಎಲ್ಲಿಟ್ಟಿದ್ದೀಯಾ?"

"ಬುತ್ತಿ ಯಾಕೆ? ತೊಟ್ಟಿದೆಯಲ್ಲ. ನಾನು ಕುಡಿದದ್ದನ್ನೇ ಅದೂ ಕುಡಿಯುತ್ತೆ."

"ಭಾರ ಆಗಲ್ವಾ?"

"ಬಳ್ಳಿಗೆ ಕಾಯಿ ಭಾರವೇ, ತಂಗೀ?" ಎಂದು ಬಳ್ಳಿ ನಕ್ಕಿತು. "ನಿಂಗೂ ಒಂದು ತೊಟ್ಟು ಕೊಡ್ತೀನಿ. ಆದ್ರೆ ಕೇಳ್ಕೋ. ವಾಕರಿಕೆ ಬರುತ್ತೆ, ಕಾಲು ಊದುತ್ತೆ. ನಿಂಗಿಲ್ಲದಿದ್ರೂ ಕೂಸು ಎಳ್ಕೊಳ್ಳುತ್ತೆ. ಕಾಯಿ ಬಲಿತ ದಿನ ತೊಟ್ಟನ್ನ ನೀನೇ ಕೊಯ್ಯಬೇಕು."

"ಎಲ್ಲದಕ್ಕೂ ಸೈ," ಎಂದಳು ಕೇತವ್ವ. ಕೊನೆಯ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಬಳ್ಳಿ ಮೂರು ಎಳೆ ಹೊಸೆದು ತೊಟ್ಟು ಮಾಡಿಕೊಟ್ಟಿತು. ಕೂಸು ಗೋಡೆಗೆ ಬೇರು ಇಳಿಸಿ, ತೊಟ್ಟಿನಿಂದ ಗುಟುಕರಿಸತೊಡಗಿತು. ಹೊಳೆಗೂ ನಾಚಿಕೆಯಾಗಿ, "ಕೂಸು ತೇಲೋಕೆ ನೀರು ನಾನು ಕೊಡ್ತೀನಿ," ಎಂದಿತು.

ಮುಖ ಮೂಡುವ ಮೊದಲೇ ಗುಂಡಿಗೆ ಡಬಡಬ ಬಡಿಯಿತು. ಆಮೇಲೆ ಪುಟ್ಟ ಬಾಲ ಬಂತು. "ಹಾಗಾದ್ರೆ ನಮ್ಮವನೇ!" ಎಂದು ಉಡ ಕುಣಿಯಿತು. ಅದು ಕುಣಿದು ಮುಗಿಸುವಷ್ಟರಲ್ಲಿ ಬಾಲ ಮುದುರಿಹೋಯಿತು. ಬಾತುಕೋಳಿಯ ಪಾದದಂತಿದ್ದ ಕೈ ಬಿಡಿಸಿಕೊಂಡು ಬೆರಳುಗಳಾದವು. ಕೇತವ್ವ ವಾಂತಿ ಮಾಡಿದಳು, ಹುಣಸೆಕಾಯಿ ಬೇಡಿದಳು, ಮತ್ತೆ ಕೂತು ಉಂಡಳು. ಜಡೆಯ ಹುಣಸೆಮರ ಹತ್ತಿ ಹತ್ತಿ ಮೊಣಕಾಲು ತರಚಿಕೊಂಡ.

ತಿಂಗಳು ತುಂಬಿ ಕೂಸು ಹೊರಗೆ ಬಂತು. ಹೆಣ್ಣು ಕೂಸು. ಕಾಡೆಲ್ಲ ಕೇಳುವ ಹಾಗೆ ಅತ್ತಿತು. ತೊಟ್ಟು ಮಾತ್ರ ಇನ್ನೂ ಹಾಗೇ ಇತ್ತು. ಜಡೆಯ ಚೂಪಾದ ಕಲ್ಲು ತಂದುಕೊಟ್ಟ.

ಕೇತವ್ವ ಕೂಸನ್ನು ಎದೆಗೆ ಅವಚಿಕೊಂಡಳು. "ಕೊಯ್ಯೋದಿಲ್ಲ. ಎರಡು ಕಳ್ಕೊಂಡಿದ್ದೀನಿ. ಇದನ್ನ ಬಿಡೋದಿಲ್ಲ."

"ಬಲಿತ ಕಾಯಿ ಬಳ್ಳೀಲೇ ಉಳಿದ್ರೆ ಕೊಳೆಯುತ್ತೆ, ತಂಗೀ," ಎಂದಿತು ಬಳ್ಳಿ. "ನೋಡು, ಅದೀಗ ತಾನಾಗೇ ಉಸಿರಾಡ್ತಿದೆ."

ಕೇತವ್ವ ನೋಡಿದಳು. ಪುಟ್ಟ ಎದೆ ಏರಿ ಇಳಿಯುತ್ತಿತ್ತು. ಬಾಯಿ ಮೊಲೆಯನ್ನು ಹುಡುಕುತ್ತಿತ್ತು. ಇಷ್ಟು ಕಾಲ ಬಿಡದೆ ಹಿಡಿದವಳಿಗೆ ಬಿಡುವುದು ಎಷ್ಟು ಕಷ್ಟ! ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಸೆರಗಿನ ನೂಲು ಕಿತ್ತು ತೊಟ್ಟನ್ನು ಬಿಗಿಯಾಗಿ ಕಟ್ಟಿದಳು. ಕಲ್ಲನ್ನು ತಾನೇ ಹಿಡಿದು ಕೊಯ್ದಳು.

ಉಳಿದ ತುಂಡು ಕೆಲವು ದಿನಕ್ಕೆ ಒಣಗಿ ಉದುರಿತು. ಉದುರಿದ ಕಡೆ, ಕೂಸಿನ ಹೊಟ್ಟೆಯ ಮೇಲೆ, ಒಂದು ಸಣ್ಣ ಗುಳಿ ಉಳಿಯಿತು. ಅಂದಿನಿಂದ ಮನುಷ್ಯರು ಮೊಟ್ಟೆ ಇಡುವುದನ್ನೇ ಬಿಟ್ಟರು.

ಅಂಗಿ ಎತ್ತಿ ನಿಮ್ಮ ಹೊಟ್ಟೆ ನೋಡಿಕೊಳ್ಳಿ: ಅವ್ವ ನಿಮ್ಮನ್ನು ಬಿಗಿಯಾಗಿ ಹಿಡಿದದ್ದೂ ಅಲ್ಲೇ, ಬಿಟ್ಟುಕೊಟ್ಟದ್ದೂ ಅಲ್ಲೇ, ಅದಕ್ಕೇ ಆ ಹೊಕ್ಕುಳು ಇಂದಿಗೂ ಮಾಸಿಲ್ಲ.