ಬಿಂದಿಗಮ್ಮನ ಉಪಚಾರ

ಬಿಸಿಲು ಸೀಮೆಯ ಹಿತ್ತಲೊಂದರಲ್ಲಿ ಕಾಗದದ ಹೂವಿನ ಗಿಡವಿತ್ತು. ಅದಕ್ಕೆ ಹಿತ್ತಾಳೆಯ ಬಿಂದಿಗಮ್ಮನ ಉಪಚಾರವೋ ಉಪಚಾರ.

“ಸಾಕಮ್ಮ, ಬಾಯಾರಿದರೇ ನನಗೆ ಹೂ ಬರುವುದು,” ಎಂದು ಗಿಡ ಬೇಡಿಕೊಂಡರೆ, “ಸಂಕೋಚ ಪಡಬೇಡ ಕಂದಾ, ಇನ್ನೊಂಚೂರು, ನನ್ನಾಣೆ!” ಎಂದು ಅವಳು ಮತ್ತೆ ಬಗ್ಗುವಳು. ದಾಕ್ಷಿಣ್ಯಕ್ಕೆ ಕುಡಿದು ಕುಡಿದು ಗಿಡ ಬರೀ ಎಲೆ ಬಿಟ್ಟಿತು.

“ಈ ಬೇಸಿಗೆಗೂ ಹೂ ಬಿಡದಿದ್ದರೆ ಕಿತ್ತೆಸೆಯುತ್ತೇನೆ,” ಎಂದಳು ಮನೆಯೊಡತಿ.

ಅಷ್ಟರಲ್ಲಿ ಬಿಂದಿಗಮ್ಮನ ತಳ ತೂತಾಯಿತು. ‘ನಾನಿಲ್ಲದೆ ಕೂಸು ಸೊರಗುತ್ತದಲ್ಲ!’ ಎಂದು ಕೊರಗುತ್ತಲೇ ಅವಳು ಬೆಸುಗೆಗೆಂದು ಪೇಟೆಗೆ ಹೋದಳು. ಇತ್ತ ಬುಡ ಒಣಗಿದ್ದೇ ತಡ, ಗಿಡ ಮೈತುಂಬ ಕೆಂಪು ಹೂ ಬಿಟ್ಟಿತು. ಮನೆಯೊಡತಿ ಹಿಗ್ಗಿದಳು.

ಮರಳಿ ಬಂದ ಬಿಂದಿಗಮ್ಮ ಗಿಡವನ್ನು ನೋಡಿ ಹೌಹಾರಿದಳು.

“ಅಯ್ಯೋ ಕಂದಾ, ಅತ್ತೂ ಅತ್ತೂ ಹೀಗೆ ಕೆಂಪಗಾಗಿಬಿಟ್ಟೆಯಾ! ಅಳಬೇಡ, ಬಂದೆ!” ಎಂದವಳೇ ಹೊಟ್ಟೆತುಂಬ ನೀರು ತುಂಬಿಕೊಂಡು ಬಂದು ಅಷ್ಟನ್ನೂ ಬುಡಕ್ಕೆ ಸುರಿದಳು.