ಭೂಮಿಯ ಹೊಟ್ಟೆಯ ಬೆಂಕಿ

ಆಗಿನ್ನೂ ಲೋಕದ ಮೈ ಆರಿರಲಿಲ್ಲ. ಸೂರ್ಯಪ್ಪನ ಸುತ್ತ ಅವನ ಕಲ್ಲುಮೈಯ ಮಕ್ಕಳು ಸುತ್ತುತ್ತಾ ಆಡುತ್ತಿದ್ದರು. ಎಲ್ಲರಿಗಿಂತ ದೊಡ್ಡವಳು ಭೂಮಿ. ಶುಕ್ರ, ಮಂಗಳ, ಬುಧ ಅವಳ ತಮ್ಮಂದಿರು.

ಎಲ್ಲರ ಹೊಟ್ಟೆಯಲ್ಲೂ ಬೆಂಕಿ ಇತ್ತು. ಹುಟ್ಟುವಾಗಲೇ ತಂದ ಬೆಂಕಿ. ಆಗಾಗ ಅದು ಬೆಟ್ಟದ ಬಾಯಿಂದ ಉಕ್ಕಿ ಹೊರಗೆ ಬರುತ್ತಿತ್ತು.

ಭೂಮಿಯ ಮೈಮೇಲೆ ಹುಲ್ಲು ಹುಟ್ಟಿತು, ಇರುವೆ ಹುಟ್ಟಿತು, ಆಮೆಯೂ ಹುಟ್ಟಿತು. ಒಂದು ದಿನ ಬೆಟ್ಟ ಉಕ್ಕಿದಾಗ ಆಮೆಯ ಕೆರೆ ಕೊತಕೊತ ಕುದಿದು ಬತ್ತಿಹೋಯಿತು.

"ಅಮ್ಮಾ, ನಾನಿನ್ನು ಎಲ್ಲಿ ಇರಲಿ?" ಎಂದು ಆಮೆ ಅತ್ತಿತು.

ಭೂಮಿ ಆಮೆಯ ಬೆನ್ನು ಸವರಿದಳು. "ಅಳಬೇಡ ಕಂದಾ. ಇನ್ನು ನಾನು ಬಾಯಿ ತೆರೆಯುವುದೇ ಇಲ್ಲ" ಎಂದಳು. ಬೆಟ್ಟಗಳ ಬಾಯನ್ನೆಲ್ಲ ಬಿಗಿಯಾಗಿ ಮುಚ್ಚಿಕೊಂಡಳು.

ಆದರೆ ಹೊಟ್ಟೆಯೊಳಗೆ ಉರಿ ಹೆಚ್ಚಿತು. ಮೈ ನಡುಗಿತು. ಆವಿ ಹೊರಗೆ ಬರದೆ ಮೋಡಗಳು ಸೊರಗಿದವು. ಹುಲ್ಲು ಬಾಡಿತು.

ಭೂಮಿ ಬಿಸಿಲನ್ನು ಕರೆದಳು. "ನೀನು ಎಲ್ಲರ ಮನೆಗೂ ಹೋಗಿಬರುವವಳು. ನನ್ನ ತಮ್ಮಂದಿರು ಬೆಂಕಿಯನ್ನು ಏನು ಮಾಡಿದರು, ಕೇಳಿಕೊಂಡು ಬಾರಮ್ಮ."

ಬಿಸಿಲು ಹೋಯಿತು. ಹೋದಷ್ಟೇ ಬೇಗ ಬಂತು.

"ಬುಧ ಪಾಪ, ಪುಟ್ಟ ಗಡಿಗೆಯ ಅನ್ನ ಬೇಗ ಆರುವ ಹಾಗೆ ಆರಿಹೋಗಿದ್ದಾನೆ. ಮೈಯೆಲ್ಲ ಸುಕ್ಕು. ಕರೆದರೆ ಓ ಎನ್ನಲಿಲ್ಲ. ಶುಕ್ರ ಮೋಡದ ದಪ್ಪ ಕಂಬಳಿ ಹೊದ್ದಿದ್ದಾನೆ. ಉಕ್ಕಿದ ಬೆಂಕಿಯ ಹೊಗೆಯೆಲ್ಲ ಅದರೊಳಗೇ ನಿಂತಿದೆ. 'ಸೆಕೆ ಅಕ್ಕಾ, ಸೆಕೆ' ಅಂದದ್ದಷ್ಟೇ ಕೇಳಿಸಿತು."

"ಮಂಗಳ?"

ಬಿಸಿಲು ಮೆಲ್ಲಗೆ ಹತ್ತಿರ ಬಂತು. ಆಮೇಲೆ ಹೇಳಿತು. "ಅವನು ಆಕಾಶ ಮುಟ್ಟುವಂಥ ಒಂದು ಬೆಟ್ಟ ಮಾಡಿಕೊಂಡಿದ್ದಾನೆ. ಬೆಂಕಿಯೆಲ್ಲ ಅಲ್ಲಿಂದಲೇ ಬಂತಂತೆ. ಈಗ ತಣ್ಣಗಾಗಿದೆ. ನಿನಗೊಂದು ಮಾತು ಹೇಳಿಕಳಿಸಿದ್ದಾನೆ: 'ಅಕ್ಕಾ, ಬೆಂಕಿ ಇದ್ದಾಗ ನನ್ನ ಮೇಲೂ ನದಿ ಹರಿಯುತ್ತಿತ್ತು. ಬೆಂಕಿ ಆರುತ್ತಾ ಬಂದ ಹಾಗೆ ಗಾಳಿ ಹಾರಿಹೋಯಿತು, ನದಿ ಒಣಗಿತು. ನನಗೆ ತುಂಬಾ ಚಳಿ. ನೀನು ಮಾತ್ರ ಬೆಂಕಿಯನ್ನು ಮುಚ್ಚಿಡಬೇಡ. ಅಲ್ಲಲ್ಲಿ, ಮೆಲ್ಲಮೆಲ್ಲಗೆ ಉಸಿರು ಬಿಡು.'"

ಭೂಮಿಯ ಕಣ್ಣು ತುಂಬಿತು. ಚಳಿಯಲ್ಲಿ ನಡುಗುತ್ತಾ ಕುಳಿತ ತಮ್ಮ ತನ್ನ ಬಗ್ಗೆ ಯೋಚಿಸಿದ್ದ!

ಅವಳು ಆಮೆಯನ್ನು ಕರೆದಳು. "ಕಂದಾ, ಉಸಿರು ಬಿಡದೆ ನಾನು ಉಳಿಯಲಾರೆ. ಎಲ್ಲರನ್ನೂ ಕರೆದುಕೊಂಡು ದಕ್ಷಿಣಕ್ಕೆ ಹೋಗು. ನೀವು ಈ ಸೀಮೆ ದಾಟುವವರೆಗೂ ತಡೆದುಕೊಳ್ಳುತ್ತೇನೆ."

ಆಮೆ ಇರುವೆಗಳನ್ನು ಬೆನ್ನ ಮೇಲೆ ಹತ್ತಿಸಿಕೊಂಡಿತು. ಬಾಯಲ್ಲಿ ಹುಲ್ಲಿನ ಬೀಜ ಕಚ್ಚಿಕೊಂಡಿತು. ಹೊರಟಿತು. ಆಮೆಯ ನಡಿಗೆ ನಿಮಗೆ ಗೊತ್ತಲ್ಲ!

"ದಾಟಿದೆಯಾ ಕಂದಾ?" ಭೂಮಿ ಹಲ್ಲು ಕಚ್ಚಿ ಕೇಳಿದಳು.

"ಇಲ್ಲಮ್ಮಾ, ಗುಡ್ಡ ಹತ್ತುತ್ತಿದ್ದೇವೆ" ಎಂದು ಬೆನ್ನ ಮೇಲಿನ ಇರುವೆಗಳು ಕೂಗಿದವು.

ಹೊಟ್ಟೆ ಧಗಧಗ ಉರಿಯಿತು. ಭೂಮಿ ತಡೆದುಕೊಂಡಳು.

"ದಾಟಿದೆಯಾ ಕಂದಾ?"

"ಇಲ್ಲಮ್ಮಾ, ಇನ್ನೊಂದು ಹೊಳೆ ಇದೆ."

ಭೂಮಿ ಇನ್ನೂ ತಡೆದುಕೊಂಡಳು.

"ದಾಟಿದೆಯಾ?"

"ದಾಟಿದೆವಮ್ಮಾ! ಎಲ್ಲರೂ ದಾಟಿದೆವು!"

ಆಗ ಭೂಮಿ ಉಸಿರು ಬಿಟ್ಟಳು. ನೆಲ ಉದ್ದುದ್ದಕ್ಕೆ ಬಿರಿಯಿತು. ಕೆಂಪು ಕಲ್ಲುರಸ ದೋಸೆಹಿಟ್ಟಿನ ಹಾಗೆ ಹರಡಿತು, ಒಂದರ ಮೇಲೊಂದು ಪದರ. ಆವಿ ಮೇಲಕ್ಕೆ ಹೋಗಿ ಮೋಡವಾಯಿತು. ಸೊರಗಿದ್ದ ಮೋಡಗಳು ಮೈತುಂಬಿಕೊಂಡು ಮಳೆ ಸುರಿಸಿದವು. ಹೊಸ ಕೆರೆಗಳು ತುಂಬಿದವು.

ನೆಲ ಆರಿದ ಮೇಲೆ ಆಮೆ ತಿರುಗಿ ಬಂತು. ಕಣ್ಣು ಹಾಯಿಸಿದಷ್ಟು ದೂರ ಕರೀ ಬಂಡೆ.

"ಅಮ್ಮಾ, ಬರೀ ಕಲ್ಲು! ಇದರಲ್ಲಿ ಏನು ಚಿಗುರೀತು?"

"ನಾವಿದ್ದೇವಲ್ಲ" ಎಂದವು ಮಳೆ, ಬಿಸಿಲು, ಗಾಳಿ. ಮಳೆ ತೋಯಿಸಿತು, ಬಿಸಿಲು ಕಾಯಿಸಿತು, ಗಾಳಿ ಉಜ್ಜಿತು. ಎಷ್ಟೋ ಕಾಲ ಬಿಡದೆ ಹಾಗೇ ಮಾಡಿದವು. ಬಂಡೆ ಪುಡಿಪುಡಿಯಾಗಿ, ಕಾಡಿಗೆಯಂಥ ಮಣ್ಣಾಯಿತು. ಅಷ್ಟರಲ್ಲಿ ಆಮೆ ಮುದಿಯಾಗಿತ್ತು; ಅದರ ಮರಿಮರಿಮಕ್ಕಳು ಆ ಮಣ್ಣಿನಲ್ಲಿ ಬೀಜ ಬಿತ್ತಿದವು. ಮಳೆ ನಿಂತು ಹೋದ ಮೇಲೂ ಮಣ್ಣು ತೇವ ಬಿಟ್ಟುಕೊಡಲಿಲ್ಲ. ಎದೆಯೆತ್ತರ ಹಸಿರು ಎದ್ದಿತು.

"ಅಮ್ಮಾ, ನಿನ್ನ ಉಪಕಾರ ಹೇಗೆ ತೀರಿಸೋಣ?" ಎಂದವು ಆಮೆಮರಿಗಳು.

"ನನಗಲ್ಲ, ನಿಮ್ಮ ಮಾವನಿಗೆ ಹೇಳಿ" ಎಂದಳು ಭೂಮಿ.

ಎಲ್ಲವೂ ತಲೆಯೆತ್ತಿ, "ಮಂಗಳಮಾವಾ, ನೀನು ತಣ್ಣಗಿರು, ನಿನ್ನಿಂದ ನಾವು ಬದುಕಿದೆವು!" ಎಂದು ಕೂಗಿದವು. ಆಮೇಲೆ ನಾಲಿಗೆ ಕಚ್ಚಿಕೊಂಡವು. "ಅಯ್ಯೋ, ತಣ್ಣಗಲ್ಲ, ಬೆಚ್ಚಗಿರು ಮಾವಾ!"

ದೂರದಲ್ಲಿ ಮಂಗಳ, ಅಷ್ಟು ಚಳಿಯಲ್ಲೂ, ನಕ್ಕುಬಿಟ್ಟ.

ಅದಕ್ಕೇ ಮಗು, ನಮ್ಮ ಬಿಜಾಪುರ ಸೀಮೆಯ ಎರೆಮಣ್ಣು ಇವತ್ತಿಗೂ ಅಷ್ಟು ಕಪ್ಪು, ಮಳೆ ಹೋದ ಮೇಲೂ ಒಡಲೊಳಗೆ ತೇವ ಇಟ್ಟುಕೊಂಡು ನಮಗೆ ಬಿಳಿಜೋಳದ ರೊಟ್ಟಿ ಕೊಡುತ್ತದೆ.