ಬಾಗಿಲ ಮೇಲಿನ ದೀಪ

"ಗುರುಗಳೇ, ಕೇಳಿದ್ದೆಲ್ಲ ನನ್ನೊಳಗೆ ಯಾಕೆ ಇಳಿಯುವುದಿಲ್ಲ?" ಎಂದು ಶಿಷ್ಯ ಮಹಾಲಿಂಗ ಕೇಳಿದ.

ಮಠಕ್ಕೆ ಬಂದವರಿಗೆ ಸಂಜೆ ಹೊತ್ತು ಉಪದೇಶ ಹೇಳುವ ಕೆಲಸ ಅವನದು. ಚೆನ್ನಾಗಿ ಹೇಳುತ್ತಿದ್ದ. ಕೇಳಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಅವನು ಮಾತ್ರ ಚಾಪೆ ಸುತ್ತಿಟ್ಟು, ನಿನ್ನೆಯ ಸಿಟ್ಟನ್ನೂ ನಿನ್ನೆಯ ಆಸೆಯನ್ನೂ ಹಾಗೇ ಇಟ್ಟುಕೊಂಡು ಮಲಗುತ್ತಿದ್ದ.

"ಹೀಗೇ ಆದರೆ ನಾನು ಇಲ್ಲಿಂದ ಹೊರಟುಬಿಡುವುದೇ ಒಳ್ಳೆಯದು," ಎಂದ.

ಗುರುಗಳು ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. "ಕೂತುಕೋ. ಒಂದು ಕತೆ ಹೇಳುತ್ತೇನೆ," ಎಂದರು.

ಒಬ್ಬ ವ್ಯಾಪಾರಿ ಇದ್ದ. ಹೊಗೆ ಸೋಕಿದರೆ ತಾನಾಗಿ ಬಾರಿಸುವ ಗಂಟೆಗಳನ್ನು ಮಾಡಿ ಮಾರುತ್ತಿದ್ದ. ಅವನ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಮನೆಯ ಹಿಂಬದಿಗೆ ಬೆಂಕಿ ಬಿತ್ತು. ಕೇರಿಯವರೆಲ್ಲ ಕೂಗಿಕೊಂಡರೂ ಅವಳು ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವನೇ ಹೋಗಿ ಎತ್ತಿಕೊಂಡು ಬಂದ. ಅಂದಿನಿಂದ ಅವನು ತಾನು ಮಾಡುವ ಗಂಟೆಗಳಿಗೆಲ್ಲ, ಹೊಗೆ ಸೋಕಿದರೆ ತಿರುಗುವ ಒಂದು ಕೆಂಪು ದೀಪವನ್ನೂ ಜೋಡಿಸತೊಡಗಿದ.

"ಈ ದೀಪ ತಿರುಗಿತೆಂದರೆ ಕೈಯಲ್ಲಿ ಏನಿದ್ದರೂ ಅಲ್ಲೇ ಬಿಡು. ನನ್ನನ್ನು ಹುಡುಕುತ್ತ ನಿಲ್ಲಬೇಡ. ಹೊರಗೆ ಮರದ ಕೆಳಗೆ ಹೋಗು. ನಾನೂ ಅಲ್ಲಿಗೇ ಬರುತ್ತೇನೆ," ಎಂದು ಅವಳಿಗೆ ಕೈಸನ್ನೆಯಲ್ಲಿ ಕಲಿಸಿದ. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಒಂದು ವರ್ಷ ಪಟ್ಟಣದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಬೆಂಕಿಯಿಂದ ಕಟ್ಟಡಗಳನ್ನು ಕಾಯುವ ಸಾಮಾನುಗಳದ್ದೇ ಪ್ರದರ್ಶನ. ವ್ಯಾಪಾರಿಯೂ ಒಂದು ಮಳಿಗೆ ಹಿಡಿದ. ಹೆಂಡತಿಯನ್ನೂ ಕರೆದುಕೊಂಡು ಹೋದ. ಒಳಗೆ ಕಾಲಿಡುವ ಮುಂಚೆ ಅಂಗಳದಲ್ಲಿದ್ದ ಹೊಂಗೆಮರವನ್ನು ಅವಳಿಗೆ ತೋರಿಸಿದ. ಆಮೇಲೆ ಸನ್ನೆಯಲ್ಲಿ ಹೇಳಿದ: "ಮೇಜುಗಳ ಮೇಲಿನ ದೀಪಗಳೆಲ್ಲ ಮಾರಾಟಕ್ಕೆ. ಬಾಗಿಲ ಮೇಲಿರುವುದು ನಮಗೆ."

ಬೆಳಗಿನಿಂದ ಒಂದಲ್ಲ ಒಂದು ಮಳಿಗೆಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಆ ತುದಿಯ ಮಳಿಗೆಯವನು ಕಟ್ಟಡಗಳ ಉಸ್ತುವಾರಿ ನೋಡುವ ಸಾಫ್ಟ್‌ವೇರ್ ಮಾರುತ್ತಿದ್ದ. ಯಾವ ಕೋಣೆಯಲ್ಲಿ ದೀಪ ಉರಿಯುತ್ತಿದೆ, ಯಾವ ನಲ್ಲಿ ಸೋರುತ್ತಿದೆ, ಎಲ್ಲವೂ ಅವನ ಪರದೆಯಲ್ಲಿ ಕಾಣುತ್ತಿತ್ತು. ಜನ ನಂಬಲೆಂದು ಅವನು ಪ್ರದರ್ಶನ ನಡೆಯುತ್ತಿದ್ದ ಕಟ್ಟಡವನ್ನೇ ಪರದೆಗೆ ಜೋಡಿಸಿದ್ದ.

ಮಧ್ಯಾಹ್ನ ಹಿಂಬದಿಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ನಿಜವಾಗಿಯೂ ಬೆಂಕಿ ಹತ್ತಿತು. ಕಟ್ಟಡದ ಗಂಟೆ ಬಾರಿಸಿತು.

ಯಾರೂ ಕದಲಲಿಲ್ಲ. ಎಲ್ಲರೂ ತಲೆದೂಗಿದರು.

"ಇದು ಯಾರ ಗಂಟೆ ಸ್ವಾಮಿ? ಒಳ್ಳೆ ಕಂಚಿನ ಹಾಗಿದೆ," ಎಂದ ಒಬ್ಬ ಗಿರಾಕಿ.

ಸಾಫ್ಟ್‌ವೇರ್ ಮಾರುವವನ ಪರದೆಯಲ್ಲಿ ಕೆಂಪು ಚುಕ್ಕಿಯೊಂದು ಮಿನುಗಿತು. ತನ್ನ ಹುಡುಗರೇ ಪರೀಕ್ಷೆ ಮಾಡಿ ತೋರಿಸುತ್ತಿದ್ದಾರೆಂದು ಅವನು ತಿಳಿದ. "ನೋಡಿ, ಎಷ್ಟು ಬೇಗ ಹಿಡಿಯಿತು! ಗೋದಾಮು ಅಂತ ಹೆಸರು ಸಮೇತ ಹೇಳುತ್ತಿದೆ!" ಎಂದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಗಂಟೆಯ ವ್ಯಾಪಾರಿಯೂ ಆ ಗುಂಪಿನಲ್ಲೇ ಇದ್ದ. ಅವನು ಕಣ್ಣು ಮುಚ್ಚಿ ಆಲಿಸಿದ. "ದನಿಯೇನೋ ಚೆನ್ನಾಗಿದೆ. ಕೊನೆಯಲ್ಲಿ ಸ್ವಲ್ಪ ಒಡೆಯುತ್ತದೆ. ತಾಳಿ, ನನ್ನದನ್ನು ತರುತ್ತೇನೆ. ಪಕ್ಕದಲ್ಲಿಟ್ಟು ಕೇಳುವಿರಂತೆ."

"ತನ್ನಿ ತನ್ನಿ. ನಿಮ್ಮದನ್ನು ನೀವು ಹೊಗಳದೆ ಇನ್ನಾರು ಹೊಗಳಬೇಕು!" ಎಂದು ಅವರು ನಕ್ಕರು.

ಅವನೂ ನಗುತ್ತಲೇ ತನ್ನ ಮಳಿಗೆಗೆ ಬಂದ. ಹೆಂಡತಿ ಕೂತಿದ್ದ ಸ್ಟೂಲು ಖಾಲಿ ಇತ್ತು. ಮೇಜಿನ ಮೇಲೆ ಅರ್ಧ ಸುಲಿದ ಕಿತ್ತಳೆ ಇತ್ತು. ಸ್ಟೂಲಿನ ಕೆಳಗೆ ಅವಳ ಚಪ್ಪಲಿ ಇತ್ತು. ಚಪ್ಪಲಿ ಮೆಟ್ಟದೆ ಹೊರಗೆ ಹೋಗುವವಳಲ್ಲ ಅವಳು.

ಅವನು ತಲೆಯೆತ್ತಿ ನೋಡಿದ. ಬಾಗಿಲ ಮೇಲಿನ ದೀಪ ತಿರುಗುತ್ತಿತ್ತು. ಆಗಷ್ಟೇ ಅವನ ಮೂಗಿಗೆ ಹೊಗೆ ಬಡಿಯಿತು.

ಎತ್ತಿಕೊಳ್ಳಲು ಬಂದಿದ್ದ ಗಂಟೆಯನ್ನು ಅಲ್ಲೇ ಬಿಟ್ಟು ಅವನು ಓಡಿದ. ಹೊರಗೆ ಬನ್ನಿ ಎಂದು ದಾರಿಯುದ್ದಕ್ಕೂ ಕೂಗಿದ. "ಅಯ್ಯೋ, ಗಂಟೆ ಮಾರುವವನೇ ಓಡುತ್ತಿದ್ದಾನಲ್ಲ!" ಎಂದು ಉಳಿದವರೂ ಓಡಿದರು. ಕೊನೆಯವನು ಹೊಸ್ತಿಲು ದಾಟುವಷ್ಟರಲ್ಲಿ ಒಳಗೆಲ್ಲ ಕಪ್ಪು ಹೊಗೆ ತುಂಬಿತ್ತು.

ಅವಳು ಹೊಂಗೆಮರದ ಕೆಳಗೆ ಬರಿಗಾಲಲ್ಲಿ ನಿಂತಿದ್ದಳು. ಅವನನ್ನು ಕಂಡದ್ದೇ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಬೆರಳುಗಳಲ್ಲೇ ಬೈದಳು: "ನಿಮಗೆ ಕಿವಿ ಇದೆ, ನನಗಿಂತ ಮೊದಲೇ ಬಂದು ನಿಂತಿರುತ್ತೀರಿ ಅಂದುಕೊಂಡೆ. ಇಷ್ಟು ಹೊತ್ತು ಒಳಗೆ ಏನು ಮಾಡುತ್ತಿದ್ದಿರಿ?"

ಗಂಟೆ ಕೇಳುತ್ತಿದ್ದೆ ಎಂದು ಹೇಳಲು ಅವನ ಕೈ ಏಳಲಿಲ್ಲ. ಅವನು ನೆಲದ ಮೇಲೆ ಕುಳಿತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಾಲಿಗೆ ಚುಚ್ಚಿದ್ದ ಕಲ್ಲಿನ ಚೂರನ್ನು ಮೆಲ್ಲಗೆ ತೆಗೆದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮಹಾಲಿಂಗನ ಕಣ್ಣು ತುಂಬಿ ಬಂದಿತ್ತು. ಅವನು ಅದನ್ನು ಒರೆಸಿಕೊಂಡು, "ಎಷ್ಟು ಚೆನ್ನಾಗಿದೆ ಗುರುಗಳೇ!" ಎಂದ. "ಆ ಬರಿಗಾಲಿನ ಮಾತು ಬಂದಾಗ ಸ್ವಲ್ಪ ನಿಧಾನಿಸಿ ಹೇಳಬೇಕು. ಕೇಳಿದವರು ಕರಗಿಹೋಗುತ್ತಾರೆ. ನಾಳೆ ಸಂಜೆ ಇದನ್ನೇ ಹೇಳುತ್ತೇನೆ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಆ ಮಳಿಗೆಯವರೂ ಹಾಗೇ ಅಂದರು ಮಗೂ, ಚೆನ್ನಾಗಿದೆ ಅಂತ."